ಎರಡು ರಾಜಪೂತ್‌ಗಳು: ಘಾಜಿ ಕಾಲದ ಹಡಗು ಯಾವುದು, 2021ರಲ್ಲಿ ನಿವೃತ್ತಿಯಾದದ್ದು ಯಾವುದು?

ಪ್ರಶ್ನೆ: ನಾವು ಕಾಪು ಹತ್ತಿರದವರು. ನನ್ನ ಅಜ್ಜ ನೌಕಾಪಡೆಯಲ್ಲಿದ್ದು 1973ರಲ್ಲಿ ನಿವೃತ್ತರಾದರು. ಈಗ ಅವರಿಲ್ಲ. 1971ರಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನನ್ನು ಮುಳುಗಿಸಿದ ರಾಜಪೂತ್ ಹಡಗಿನಲ್ಲಿ ಅವರು ಇದ್ದರು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮೊನ್ನೆ ನನ್ನ ತಮ್ಮ ಮೊಬೈಲಿನಲ್ಲಿ ಹುಡುಕಿ, 'ಐಎನ್‌ಎಸ್ ರಾಜಪೂತ್ ಸೇವೆಗೆ ಸೇರಿದ್ದೇ 1980ರಲ್ಲಿ. ರಷ್ಯಾದಲ್ಲಿ ಕಟ್ಟಿದ ಹಡಗು. 2021ರಲ್ಲಿ ನಿವೃತ್ತಿ ಆಯ್ತು' ಎಂದ. ಹಾಗಾದರೆ ಅಜ್ಜ ಹೇಳಿದ್ದು ಸುಳ್ಳಾ? ಮನೆಯಲ್ಲಿ ಒಂದು ಹಳೆಯ ಫೋಟೊ ಇದೆ. ಹಿಂದೆ ಕಾಣುವ ಹಡಗಿನ ಮೇಲೆ ಡಿ141 ಎಂದು ದೊಡ್ಡದಾಗಿ ಬರೆದಿದೆ. ಅಜ್ಜನ ತೋಳಿನ ಮೇಲೆ ಫ್ಯಾನಿನಂಥ ಚಿಹ್ನೆ ಇದೆ. ಇನ್ನೊಂದು: ಆ ಹಡಗು ನಿಜಕ್ಕೂ ಘಾಜಿಯನ್ನು ಮುಳುಗಿಸಿತಾ?

ಉತ್ತರ: ನಿಮ್ಮ ತಮ್ಮ ಓದಿದ ಹಡಗೂ ಇತ್ತು, ಅಜ್ಜ ಹೇಳಿದ ಹಡಗೂ ಇತ್ತು. ರಾಜಪೂತ್ ಹೆಸರಿನ ಡೆಸ್ಟ್ರಾಯರ್‌ಗಳು, ಅಂದರೆ ವೇಗವಾಗಿ ಓಡುವ ಯುದ್ಧನೌಕೆಗಳು, ನಮ್ಮ ನೌಕಾಪಡೆಯಲ್ಲಿ ಎರಡು ಇದ್ದವು. ಒಂದು ಬ್ರಿಟಿಷರಿಂದ ಕೊಂಡದ್ದು. 1976ರಲ್ಲಿ ಗುಜರಿಗೆ ಹೋಯಿತು. ಇನ್ನೊಂದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿಸಿದ್ದು, 1980ರಲ್ಲಿ ಬಂತು. ನೌಕಾಪಡೆಯಲ್ಲಿ ಹಳೆಯ ಹಡಗು ಹೋದ ಮೇಲೆ ಅದರ ಹೆಸರನ್ನು ಹೊಸ ಹಡಗಿಗೆ ಇಡುವುದು ವಾಡಿಕೆ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರಲ್ಲ, ಹಾಗೆಯೇ. ಹೆಸರು ಒಂದೇ ಎಂದು ಇಬ್ಬರ ಜಾತಕ ಒಂದಾಗುವುದಿಲ್ಲ.

ನಿಮ್ಮ ಫೋಟೊದಲ್ಲೇ ಅರ್ಧ ಉತ್ತರ ಇದೆ. ಡಿ141 ಎಂಬುದು ಹಡಗಿನ ಪೆನಂಟ್ ನಂಬರ್, ಅಂದರೆ ದೂರದಿಂದಲೇ ಗುರುತು ಹಿಡಿಯಲು ಮೈಮೇಲೆ ಬರೆಯುವ ಸಂಖ್ಯೆ. ಡಿ ಅಂದರೆ ಡೆಸ್ಟ್ರಾಯರ್ ಸಾಲಿನದ್ದು. ಹಳೆಯ ರಾಜಪೂತ್‌ಗೆ ಡಿ141, ಹೊಸ ರಾಜಪೂತ್‌ಗೆ ಡಿ51. ಅಲ್ಲಿಗೆ ಹಡಗಿನ ವಿಷಯ ಮುಗಿಯಿತು. ಅಜ್ಜನ ತೋಳಿನ ಮೇಲಿರುವುದು ಫ್ಯಾನ್ ಅಲ್ಲ, ಮೂರು ಎಲೆಯ ಪ್ರೊಪೆಲ್ಲರ್. ಅದು ಎಂಜಿನ್ ವಿಭಾಗದವರ ಬ್ಯಾಜು. ನಾನೂ ಎಂಜಿನ್ ಕಡೆಯವನೇ ಆದ್ದರಿಂದ ಈ ಬ್ಯಾಜು ಕಂಡರೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಸರ ಮಾಡಬೇಡಿ.

ಮೊದಲು ಹಳೆಯ ಹಡಗಿನ ಕಥೆ. ಅದು ಹುಟ್ಟಿದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ, ಜಾನ್ ಬ್ರೌನ್ ಹಡಗುಕಟ್ಟೆಯಲ್ಲಿ. 1942ರ ಮಾರ್ಚ್‌ನಲ್ಲಿ ನೀರಿಗಿಳಿಯಿತು, ಅದೇ ಆಗಸ್ಟ್‌ನಲ್ಲಿ ಬ್ರಿಟಿಷ್ ನೌಕಾಪಡೆ ಸೇರಿತು. ಆಗಿನ ಹೆಸರು ಎಚ್‌ಎಂಎಸ್ ರಾದರಮ್. ಇಂಗ್ಲೆಂಡಿನ ಒಂದು ಊರಿನ ಹೆಸರು ಅದು. ಉದ್ದ ಸುಮಾರು 109 ಮೀಟರ್, ತೂಕ ಸುಮಾರು 1,700 ಟನ್, ಪೂರ್ತಿ ತುಂಬಿಕೊಂಡಾಗ 2,400 ಟನ್ ಆಸುಪಾಸು. 4.7 ಇಂಚಿನ ನಾಲ್ಕು ಫಿರಂಗಿ, ಎಂಟು ಟಾರ್ಪಿಡೊ ಕೊಳವೆ, ಹಿಂಭಾಗದಲ್ಲಿ ಸಬ್‌ಮರೀನ್ ಹೊಡೆಯಲು ನೀರಿಗೆ ಹಾಕುವ ಡೆಪ್ತ್ ಚಾರ್ಜ್‌ಗಳ ಸಾಲು. ಎರಡು ಬಾಯ್ಲರ್, 40,000 ಅಶ್ವಶಕ್ತಿಯ ಸ್ಟೀಮ್ ಟರ್ಬೈನ್. ಹೊಸತಿದ್ದಾಗ 36 ನಾಟ್ ಓಡುತ್ತಿತ್ತು, ಅಂದರೆ ಗಂಟೆಗೆ 66 ಕಿ.ಮೀ. ಹತ್ತಿರ. ಇಷ್ಟು ಉದ್ದದ ಉಕ್ಕಿನ ರಾಶಿ ನೀರಿನ ಮೇಲೆ ಆ ವೇಗದಲ್ಲಿ ಹೋಗುವುದು ಸಣ್ಣ ಮಾತಲ್ಲ.

ಈ ವರ್ಗದ ಹಡಗುಗಳಲ್ಲಿ ಒಂದು ಬದಲಾವಣೆ ಮಾಡಿದ್ದರು. ಅದಕ್ಕೂ ಮುಂಚಿನ ಡೆಸ್ಟ್ರಾಯರ್‌ಗಳಲ್ಲಿ ಅಧಿಕಾರಿಗಳ ಕೋಣೆಗಳು ಹಡಗಿನ ತೀರಾ ಹಿಂಭಾಗದಲ್ಲಿ ಇರುತ್ತಿದ್ದವು. ಕಡಲು ಎದ್ದಾಗ ಅಲ್ಲಿಂದ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಜಾಗಕ್ಕೆ, ಬರುವುದೇ ಒಂದು ಸಾಹಸ. ಇದರಲ್ಲಿ ಆ ಕೋಣೆಗಳನ್ನು ಮಧ್ಯಭಾಗಕ್ಕೆ ತಂದರು. ಹೇಳಲು ಚಿಕ್ಕ ವಿಷಯ. ಆದರೆ ಆಷಾಢದ ಕಡಲನ್ನು ದಡದಲ್ಲಿ ನಿಂತು ನೋಡಿದವರಿಗೂ ಅದರ ಬೆಲೆ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ರಾದರಮ್ ಹೆಚ್ಚಾಗಿ ದುಡಿದದ್ದು ನಮ್ಮ ಹಿಂದೂ ಮಹಾಸಾಗರದಲ್ಲೇ. ಬ್ರಿಟಿಷರ ಈಸ್ಟರ್ನ್ ಫ್ಲೀಟ್‌ನ ಜೊತೆಗಿತ್ತು. 1944ರ ಏಪ್ರಿಲ್‌ನಲ್ಲಿ ಸುಮಾತ್ರಾದ ತುದಿಯ ಸಬಾಂಗ್ ಬಂದರಿನಲ್ಲಿದ್ದ ಜಪಾನೀಯರ ಮೇಲೆ ವಿಮಾನವಾಹಕ ಹಡಗುಗಳಿಂದ ದಾಳಿ ನಡೆಯಿತು. ಆ ಹಡಗುಗಳಿಗೆ ಕಾವಲಾಗಿ ಹೋದ ಡೆಸ್ಟ್ರಾಯರ್‌ಗಳಲ್ಲಿ ಇದೂ ಒಂದು. ಯುದ್ಧ ಮುಗಿದು 1945ರ ಸೆಪ್ಟೆಂಬರ್‌ನಲ್ಲಿ ಜಪಾನೀಯರು ಸಿಂಗಾಪುರವನ್ನು ಬಿಟ್ಟುಕೊಟ್ಟಾಗ ಅಲ್ಲಿನ ನೌಕಾನೆಲೆಯನ್ನು ವಶಕ್ಕೆ ಪಡೆದವರು ಈ ಹಡಗಿನ ಕ್ಯಾಪ್ಟನ್. ಆ ನೆಲೆಯ ಒಂದು ಗೇಟಿಗೆ ರಾದರಮ್ ಗೇಟ್ ಎಂದೇ ಹೆಸರಿಟ್ಟಿದ್ದರು. ಅಂದರೆ ನಿಮ್ಮ ಅಜ್ಜ ಹತ್ತಿದ ಹಡಗಿಗೆ ಅವರು ಹತ್ತುವ ಮೊದಲೇ ಒಂದು ದೊಡ್ಡ ಚರಿತ್ರೆ ಇತ್ತು.

ಸ್ವಾತಂತ್ರ್ಯ ಬಂದಾಗ ನಮ್ಮ ಕೈಯಲ್ಲಿ ಒಂದೇ ಒಂದು ಡೆಸ್ಟ್ರಾಯರ್ ಇರಲಿಲ್ಲ. ಇದ್ದವೆಲ್ಲ ಸಣ್ಣ ಹಡಗುಗಳು. ಹಾಗಾಗಿ ಬ್ರಿಟನ್ನಿನಿಂದ ಒಂದೇ ವರ್ಗದ ಮೂರನ್ನು ಕೊಂಡರು. ರಾದರಮ್ ನಮ್ಮ ರಾಜಪೂತ್ ಆಯಿತು. ರಿಡೌಟ್ ಎಂಬುದು ರಣಜೀತ್, ರೈಡರ್ ಎಂಬುದು ರಾಣಾ. ಮೂರರಲ್ಲೂ ಮೊದಲ ಅಕ್ಷರ ಉಳಿಸಿಕೊಂಡಿದ್ದಾರೆ, ನೋಡಿ. 1949ರಲ್ಲಿ ರಾಜಪೂತ್ ನಮ್ಮದಾದಾಗ ದೇಶ ಇನ್ನೂ ಗಣರಾಜ್ಯ ಆಗಿರಲಿಲ್ಲ. ಆದ್ದರಿಂದ ಮೊದಲ ಕೆಲವು ತಿಂಗಳು ಅದು ಎಚ್‌ಎಂಐಎಸ್ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ರಾಜಪೂತ್. 1950ರ ಜನವರಿ 26ರ ನಂತರವೇ ಐಎನ್‌ಎಸ್. 1961ರ ಗೋವಾ ಕಾರ್ಯಾಚರಣೆಯ ಹೊತ್ತಿಗೂ ಅದು ಸೇವೆಯಲ್ಲಿತ್ತು.

ಇನ್ನು 1971. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಏಕೆಂದರೆ ಎಲ್ಲರೂ ಕೊನೆಯ ಸ್ಫೋಟದ ಬಗ್ಗೆ ಮಾತ್ರ ಹೇಳುತ್ತಾರೆ. ಅದಕ್ಕಿಂತ ಹಿಂದಿನ ದಿನಗಳು ಹೆಚ್ಚು ಸ್ವಾರಸ್ಯವಾಗಿವೆ.

ಆಗ ನಮ್ಮಲ್ಲಿ ಇದ್ದದ್ದು ಒಂದೇ ವಿಮಾನವಾಹಕ ಹಡಗು, ವಿಕ್ರಾಂತ್. ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ವೇಗ ಬಹಳ ಇಳಿದಿತ್ತು. ಅಂಥ ಹಡಗು ಸಬ್‌ಮರೀನ್ ಕಣ್ಣಿಗೆ ಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಅದಕ್ಕೇ ಅದನ್ನು ಪಶ್ಚಿಮದಲ್ಲಿ ಇಡದೆ ಬಂಗಾಳ ಕೊಲ್ಲಿಗೆ ಕಳಿಸಿದರು. ಪಾಕಿಸ್ತಾನಕ್ಕೂ ಈ ಲೆಕ್ಕ ಗೊತ್ತಿತ್ತು. ಅಷ್ಟು ದೂರ ಹೋಗಿ ಬರುವ ತಾಕತ್ತು ಅವರ ಒಂದೇ ಸಬ್‌ಮರೀನ್‌ಗೆ ಇತ್ತು. ಅದು ಘಾಜಿ. ಅಮೆರಿಕದವರ ಡಯಾಬ್ಲೊ ಎಂಬ ಹಳೆಯ ಸಬ್‌ಮರೀನ್ ಅದು, 1960ರ ದಶಕದಲ್ಲಿ ಪಾಕಿಸ್ತಾನಕ್ಕೆ ಸಿಕ್ಕಿತ್ತು. 1971ರ ನವೆಂಬರ್ 14ರಂದು ಕರಾಚಿ ಬಿಟ್ಟಿತು. ಅರಬ್ಬಿ ಸಮುದ್ರದಲ್ಲಿ ದಕ್ಷಿಣಕ್ಕೆ ಇಳಿದು, ಸಿಲೋನ್ ಸುತ್ತಿ, ಬಂಗಾಳ ಕೊಲ್ಲಿಗೆ ಬಂತು. ಕೆಲಸ ಎರಡು: ವಿಕ್ರಾಂತನ್ನು ಹುಡುಕಿ ಹೊಡೆಯುವುದು, ವಿಶಾಖಪಟ್ಟಣದ ಬಂದರಿನ ಬಾಯಲ್ಲಿ ಮೈನ್, ಅಂದರೆ ಹಡಗು ಬಂದಾಗ ಸಿಡಿಯುವ ನೀರಿನಡಿಯ ಬಾಂಬು, ಹಾಕುವುದು.

ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ಎನ್. ಕೃಷ್ಣನ್. ಅವರು ವಿಕ್ರಾಂತನ್ನು ಸದ್ದಿಲ್ಲದೆ ಅಂಡಮಾನ್ ಕಡೆ ಕಳಿಸಿ ಅಡಗಿಸಿಟ್ಟರು. ಆ ಜಾಗಕ್ಕೆ ಪೋರ್ಟ್ ಎಕ್ಸ್-ರೇ ಎಂಬ ಗುಪ್ತ ಹೆಸರು. ಇತ್ತ ವಿಶಾಖಪಟ್ಟಣದಲ್ಲಿ ವಿಕ್ರಾಂತ್ ಇದೆ ಎಂದು ತೋರಿಸಲು ರಾಜಪೂತ್‌ಗೆ ವೇಷ ಹಾಕಿಸಿದರು. ರಾಜಪೂತ್ ಬಂದರಿನಿಂದ ಸುಮಾರು 160 ಮೈಲು ಹೊರಗೆ ಹೋಗಿ, ಒಂದು ದೊಡ್ಡ ಹಡಗು ಕಳಿಸುವಷ್ಟು ವೈರ್‌ಲೆಸ್ ಸಂದೇಶ ಕಳಿಸತೊಡಗಿತು. ವಿಕ್ರಾಂತ್‌ನ ನಾವಿಕನೊಬ್ಬ ತನ್ನ ತಾಯಿಗೆ ಕಾಯಿಲೆ ಜೋರಾಗಿದೆಯಂತೆ, ಹೇಗಿದ್ದಾಳೆ ಎಂದು ಕೇಳುವ ಸಂದೇಶವನ್ನು ಬೇಕೆಂದೇ ಗುಪ್ತಲಿಪಿ ಇಲ್ಲದೆ ಬಿಟ್ಟರು. ಊರಿನ ವ್ಯಾಪಾರಿಗಳಿಗೆ ತರಕಾರಿ, ಮಾಂಸ, ರೇಷನ್ ಎಂದು ದೊಡ್ಡ ಆರ್ಡರ್ ಕೊಟ್ಟರು. ಸಾವಿರಕ್ಕೂ ಹೆಚ್ಚು ಜನರ ಹಡಗು ಬಂದರಿನಲ್ಲಿದ್ದರೆ ಎಷ್ಟು ಬೇಕೋ ಅಷ್ಟು. ಮಾರುಕಟ್ಟೆಯ ಮಾತು ಬೇಗ ಹಬ್ಬುತ್ತದೆ ಎಂಬುದು ಬಂದರು ಇರುವ ಊರಿನವರಾದ ನಮಗೆ ಹೇಳಿಕೊಡಬೇಕಾಗಿಲ್ಲ. ಸಂಜೆ ಮಲ್ಪೆಯಲ್ಲಿ ಯಾವ ಬೋಟಿಗೆ ಎಷ್ಟು ಬಂಗುಡೆ ಸಿಕ್ಕಿತೆಂಬುದು ರಾತ್ರಿಯೊಳಗೆ ಉಡುಪಿಗೆ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ರಾಜಪೂತ್‌ನ ದೊಡ್ಡ ಕೆಲಸ ಇದೇ. ಕಟ್ಟಿ 29 ವರ್ಷ ಆಗಿದ್ದ, ಇನ್ನೇನು ಸೇವೆಯಿಂದ ತೆಗೆಯಬೇಕೆಂದಿದ್ದ ಹಡಗು ವಿಕ್ರಾಂತ್ ಆಗಿ ನಟಿಸಿತು. ಘಾಜಿ ನಂಬಿತು. ಅದು ವಿಶಾಖಪಟ್ಟಣದ ಬಾಗಿಲಿಗೆ ಬಂದು ಕೂತದ್ದೇ ಅದಕ್ಕೆ ಸಾಕ್ಷಿ. ಸ್ಫೋಟದ ಬಗ್ಗೆ ಯಾರು ಏನೇ ವಾದ ಮಾಡಲಿ, ಈ ಭಾಗದ ಬಗ್ಗೆ ಯಾರಿಗೂ ತಕರಾರಿಲ್ಲ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ನಮ್ಮ ವಿಮಾನನಿಲ್ದಾಣಗಳ ಮೇಲೆ ದಾಳಿ ಮಾಡಿದವು. ಯುದ್ಧ ಶುರು. ರಾಜಪೂತ್ ಆಗ ಬಂದರಿನಲ್ಲಿ ಎಣ್ಣೆ ತುಂಬಿಸಿಕೊಳ್ಳುತ್ತಿತ್ತು. ಕ್ಯಾಪ್ಟನ್ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್. ಹೊರಗೆ ಸಬ್‌ಮರೀನ್ ಇರಬಹುದು, ಎಚ್ಚರ ಎಂದು ಕೃಷ್ಣನ್ ಈ ಇಂದರ್ ಸಿಂಗ್‌ಗೆ ಮೊದಲೇ ಹೇಳಿದ್ದರು. ನಡುರಾತ್ರಿ ಹತ್ತಿರ ಬಂದಾಗ ಹಡಗು ಹೊರಟಿತು. ಕಾಲುವೆಯ ಕೊನೆಯಲ್ಲಿ ದಾರಿ ತೋರಿಸುವ ಪೈಲಟ್ ಇಳಿದ. ಅಲ್ಲಿಂದ ಹಡಗು ಪೂರ್ತಿ ವೇಗ ಹಿಡಿಯಿತು. ಸ್ವಲ್ಪದರಲ್ಲೇ ಬಲಗಡೆಯ ಕಾವಲುಗಾರ, ನೀರು ಏನೋ ಕದಡಿದ ಹಾಗೆ ಕಾಣುತ್ತಿದೆ ಎಂದು ಕೂಗಿದ. ಇಂದರ್ ಸಿಂಗ್ ಹಡಗನ್ನು ಅತ್ತ ತಿರುಗಿಸಿ ಎರಡು ಡೆಪ್ತ್ ಚಾರ್ಜ್ ಹಾಕಿಸಿದರು.

ನಿಮ್ಮ ಅಜ್ಜ ಆ ರಾತ್ರಿ ಡ್ಯೂಟಿಯಲ್ಲಿ ಇದ್ದಿದ್ದರೆ ಇದು ಯಾವುದನ್ನೂ ಕಣ್ಣಿಂದ ನೋಡಿರಲಾರರು. ಎಂಜಿನ್ ವಿಭಾಗದವರು ಕೆಲಸ ಮಾಡುತ್ತಿದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಆ ಕಾಲದ ಬ್ರಿಟಿಷ್ ಡೆಸ್ಟ್ರಾಯರ್‌ಗಳಲ್ಲಿ ಬಾಯ್ಲರ್ ರೂಮಿಗೆ ಫ್ಯಾನ್‌ಗಳಿಂದ ಗಾಳಿ ತುಂಬಿ ಒತ್ತಡದಲ್ಲಿ ಇಡುತ್ತಿದ್ದರು, ಬೆಂಕಿ ಜೋರಾಗಿ ಉರಿಯಲಿ ಎಂದು. ಹಾಗಾಗಿ ಒಳಗೆ ಹೋಗಲು ಎರಡು ಬಾಗಿಲಿನ ಸಣ್ಣ ಕೋಣೆ. ಮೊದಲ ಬಾಗಿಲು ಮುಚ್ಚಿದ ಮೇಲೆ ಮಾತ್ರ ಎರಡನೆಯದು ತೆರೆಯಬೇಕು. ದಾಟುವಾಗ ಕಿವಿ ಗಪ್ ಅನ್ನುತ್ತದೆ. ಒಳಗೆ ಬಾಯ್ಲರ್ ಮುಂದೆ ನಿಂತವನ ಕೆಲಸ ಎಣ್ಣೆ ಚಿಮ್ಮಿಸುವ ಸ್ಪ್ರೇಯರ್‌ಗಳನ್ನು ನೋಡಿಕೊಳ್ಳುವುದು. ಬ್ರಿಡ್ಜ್‌ನಿಂದ ವೇಗ ಹೆಚ್ಚಿಸು ಎಂಬ ಆಜ್ಞೆ ಎಂಜಿನ್ ರೂಮಿನ ಗಂಟೆಗೆ ಬರುತ್ತದೆ. ಕೂಡಲೇ ಇಲ್ಲಿ ಒಂದೊಂದೇ ಸ್ಪ್ರೇಯರ್ ತೆರೆಯಬೇಕು, ಫ್ಯಾನ್ ಜೋರು ಮಾಡಬೇಕು. ಗಾಳಿ ಕಡಿಮೆಯಾದರೆ ಕಪ್ಪು ಹೊಗೆ, ಜಾಸ್ತಿಯಾದರೆ ಬಿಳಿ ಹೊಗೆ. ಎರಡೂ ಬೈಗುಳಕ್ಕೆ ದಾರಿ.

ಡೆಪ್ತ್ ಚಾರ್ಜ್ ಅಂದರೆ ಡ್ರಮ್ಮಿನಲ್ಲಿ ತುಂಬಿದ ಸಿಡಿಮದ್ದು. ಬ್ರಿಟಿಷರ ಸಾಮಾನ್ಯ ಮಾದರಿಯಲ್ಲಿ ಸುಮಾರು 130 ಕೆ.ಜಿ. ಇರುತ್ತಿತ್ತು. ಎಷ್ಟು ಆಳಕ್ಕೆ ಹೋದಾಗ ಸಿಡಿಯಬೇಕು ಎಂದು ಮೊದಲೇ ಹೊಂದಿಸಿಡುತ್ತಾರೆ. ನೀರಿನ ಒತ್ತಡ ಅಷ್ಟಾದಾಗ ಒಳಗಿನ ಪಿನ್ ಹೊಡೆಯುತ್ತದೆ. ಅದು ಸಬ್‌ಮರೀನನ್ನು ಮುಟ್ಟಲೇಬೇಕೆಂದಿಲ್ಲ. ಹತ್ತಿರದಲ್ಲಿ ಸಿಡಿದರೆ ನೀರಿನ ಹೊಡೆತಕ್ಕೇ ಅದರ ಮೈ ಒಡೆಯುತ್ತದೆ. ತೊಂದರೆ ಏನೆಂದರೆ ಆಳ ಕಡಿಮೆ ಇರುವಲ್ಲಿ ಹಾಕಿದ ಹಡಗಿಗೇ ಪೆಟ್ಟು. ವೇಗವಾಗಿ ದೂರ ಓಡದಿದ್ದರೆ ಸ್ವಂತ ಹಿಂಭಾಗಕ್ಕೇ ಕುತ್ತು. ಬಾಯ್ಲರ್ ರೂಮಿನಲ್ಲಿದ್ದವರಿಗೆ ಗೊತ್ತಾಗುವುದು ಇಷ್ಟೇ: ಕಾಲಡಿಯ ತಗಡು ಎದ್ದು ಕೂತಂತಾಗುತ್ತದೆ, ಪೈಪಿನ ಮೇಲಿನ ಧೂಳು, ಬಣ್ಣದ ಚಕ್ಕೆ ತಲೆ ಮೇಲೆ ಉದುರುತ್ತದೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಮತ್ತೆ ಸ್ಪ್ರೇಯರ್.

ಮುಂದಿನದ್ದು ಮುಖ್ಯ. ಚಾರ್ಜ್ ಹಾಕಿದ ಮೇಲೆ ರಾಜಪೂತ್‌ಗೆ ಅಲ್ಲಿ ಏನೂ ಖಚಿತವಾಗಿ ಕಾಣಲಿಲ್ಲ. ಅದು ತನಗೆ ಕೊಟ್ಟ ಕೆಲಸದ ಮೇಲೆ ಮುಂದೆ ಹೋಯಿತು. ಕೆಲವು ನಿಮಿಷಗಳ ನಂತರ ಭಾರೀ ಸ್ಫೋಟವೊಂದು ಕೇಳಿಸಿತು. ವಿಶಾಖಪಟ್ಟಣದ ಮನೆಗಳ ಕಿಟಕಿ ಗಾಜು ಅಲುಗಿದವು. ಬೆಳಿಗ್ಗೆ ಅಲ್ಲಿನ ಮೀನುಗಾರರು ಸಮುದ್ರದಲ್ಲಿ ತೇಲುತ್ತಿದ್ದ ಸಾಮಾನುಗಳನ್ನು ತಂದುಕೊಟ್ಟರು. ಮುಳುಗುಗಾರರು ಕೆಳಗೆ ಹೋಗಿ ನೋಡಿದರು. ಅದು ಘಾಜಿಯೇ. ಒಳಗಿದ್ದ 90ಕ್ಕೂ ಹೆಚ್ಚು ಜನರಲ್ಲಿ ಯಾರೂ ಬದುಕಲಿಲ್ಲ. ನೌಕಾಪಡೆ ಈ ಸುದ್ದಿಯನ್ನು ಹೊರಗೆ ಹೇಳಿದ್ದು ಡಿಸೆಂಬರ್ 9ರಂದು. ಅಂದರೆ ರಾಜಪೂತ್‌ನ ನಾವಿಕರಿಗೇ ತಮ್ಮ ಆ ರಾತ್ರಿಯ ಬೆಲೆ ಆಗಿಂದಾಗಲೇ ಗೊತ್ತಾಗಲಿಲ್ಲ. ಅಜ್ಜ ಈ ಕಥೆಯನ್ನು ಹೇಳುವಾಗ ಬೇರೆಯವರಿಂದ ಕೇಳಿದ ವಿವರವೂ ಸೇರಿರಬಹುದು. ಅದು ಸಹಜ.

ಹಾಗಾದರೆ ರಾಜಪೂತ್ ಮುಳುಗಿಸಿತಾ? ಭಾರತದ ಕಡೆಯ ಅಧಿಕೃತ ಮಾತು ಹೌದು ಎಂದೇ. ಪಾಕಿಸ್ತಾನ ಹೇಳುವುದು ಅದು ಅಪಘಾತ, ಮೈನ್ ಹಾಕುವಾಗ ತನ್ನದೇ ಮೈನ್ ಸಿಡಿಯಿತು ಎಂದು. ಕೃಷ್ಣನ್ ಕೊಟ್ಟ ವಿವರಣೆ ಎರಡರ ನಡುವೆ ಇದೆ. ಚಾರ್ಜ್‌ಗಳಿಂದ ತಪ್ಪಿಸಿಕೊಳ್ಳಲು ಘಾಜಿ ಸರ್ರನೆ ಕೆಳಗೆ ಇಳಿದು ತಳಕ್ಕೆ ಬಡಿದಿರಬೇಕು, ಒಳಗೆ ಬೆಂಕಿ ಹತ್ತಿ ಮೈನ್‌ಗಳು ಸಿಡಿದಿರಬೇಕು. ಡೆಪ್ತ್ ಚಾರ್ಜ್‌ಗೂ ದೊಡ್ಡ ಸ್ಫೋಟಕ್ಕೂ ನಡುವೆ ಸಮಯದ ಅಂತರ ಇದ್ದದ್ದು, ಮುಂಭಾಗವೇ ಹೆಚ್ಚು ಒಡೆದು ಹೋಗಿದ್ದದ್ದು, ಈ ವಾದಗಳಿಗೆ ಜಾಗ ಕೊಟ್ಟಿದೆ. ಆಗ ಸೇನೆಯ ಪೂರ್ವ ಕಮಾಂಡಿನಲ್ಲಿದ್ದ ಜನರಲ್ ಜೇಕಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಘಾಜಿಯ ಅವಶೇಷ ಸಿಕ್ಕಿದ ಸುದ್ದಿ ತನಗೆ ಡಿಸೆಂಬರ್ 3ರ ಬೆಳಿಗ್ಗೆಯೇ ಬಂದಿತ್ತು ಎಂದು ಬರೆದರು. ಅದು ನಿಜವಾದರೆ ರಾಜಪೂತ್ ಹೊರಡುವ ಮೊದಲೇ ಘಾಜಿ ಮುಳುಗಿತ್ತು ಎಂದಾಗುತ್ತದೆ. ನೌಕಾಪಡೆಯವರು ಅದನ್ನು ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೃಷ್ಣನ್ ಹೇಳಿದ್ದು ಹೆಚ್ಚು ನಂಬುವಂತಿದೆ. ಯುದ್ಧ ಶುರುವಾದ ರಾತ್ರಿಯೇ, ರಾಜಪೂತ್ ಹೋದ ದಾರಿಯಲ್ಲೇ, ನಿಮಿಷಗಳ ಅಂತರದಲ್ಲಿ ಸುಮ್ನೆ ತಾನಾಗಿಯೇ ಸಿಡಿಯಿತು ಅನ್ನುವುದು ಸ್ವಲ್ಪ ಜಾಸ್ತಿಯೇ ಕಾಕತಾಳೀಯ ಅಲ್ವಾ? ಹಾಗೆಂದು ಎರಡು ಡ್ರಮ್ಮು ನೇರ ಹೋಗಿ ಘಾಜಿಯ ನೆತ್ತಿಗೇ ಬಡಿದವು ಎಂದು ಸಿನಿಮಾದ ಹಾಗೆ ಹೇಳುವುದೂ ಬೇಡ. ಬಂದರಿನ ಬಾಯಲ್ಲಿ, ಕಡಿಮೆ ಆಳದಲ್ಲಿ, ಹಳೆಯ ಸೋನಾರ್‌ಗೆ ಸಬ್‌ಮರೀನ್ ಹಿಡಿಯುವುದು ಬಹಳ ಕಷ್ಟ. ನಮ್ಮ ಟ್ರಾಲ್‌ಬೋಟಿನವರು ಫಿಶ್‌ಫೈಂಡರ್ ಬಳಸುತ್ತಾರಲ್ಲ, ಅದರ ತತ್ವವೂ ಸೋನಾರ್‌ದೇ: ಶಬ್ದ ಕಳಿಸು, ಪ್ರತಿಧ್ವನಿ ಕೇಳು. ತಳ ಹತ್ತಿರವಿದ್ದಾಗ ಪರದೆಯಲ್ಲಿ ಯಾವುದು ಮೀನು, ಯಾವುದು ಕಲ್ಲು ಎಂದು ಹೇಳಲು ಎಷ್ಟು ಪರದಾಡುತ್ತಾರೆ, ಕೇಳಿ ನೋಡಿ. ಆ ರಾತ್ರಿ ಕೆಲಸ ಮಾಡಿದ್ದು ಒಬ್ಬ ಕಾವಲುಗಾರನ ಕಣ್ಣು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಡಿಸೆಂಬರ್ 4 ನೌಕಾಪಡೆ ದಿನ. ಅದು ಘಾಜಿಗಾಗಿ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಅದು 4ರ ರಾತ್ರಿ ನಮ್ಮ ಸಣ್ಣ ಮಿಸೈಲ್ ಬೋಟುಗಳು ಕರಾಚಿ ಮೇಲೆ ಮಾಡಿದ ದಾಳಿಯ ನೆನಪಿಗೆ. ಘಾಜಿ ಹೋದದ್ದು ಅದಕ್ಕಿಂತ ಹಿಂದಿನ ರಾತ್ರಿ, ದೇಶದ ಇನ್ನೊಂದು ಕಡೆಯಲ್ಲಿ.

ಹಳೆಯ ರಾಜಪೂತ್ 1976ರಲ್ಲಿ ಗುಜರಿಗೆ ಹೋಯಿತು. ಕಟ್ಟಿ ಆಗ 34 ವರ್ಷ.

ಇನ್ನು ನಿಮ್ಮ ತಮ್ಮನ ರಾಜಪೂತ್. ರಷ್ಯಾದಲ್ಲಿ ಕಟ್ಟಿದ್ದು ಎಂದಿದ್ದಾರೆ. ಸೋವಿಯತ್ ಒಕ್ಕೂಟ ಅನ್ನುವುದು ಸರಿ. ಕಟ್ಟಿದ್ದು ನಿಕೊಲಾಯೆವ್ ಎಂಬ ಊರಲ್ಲಿ, ಈಗ ಅದು ಉಕ್ರೇನ್‌ನಲ್ಲಿದೆ. ಅಲ್ಲಿನ ಮೂಲ ಹೆಸರು ನಾದೆಜ್ನಿ. 1980ರ ಮೇ 4ರಂದು ಜಾರ್ಜಿಯಾದ ಪೋಟಿ ಬಂದರಿನಲ್ಲಿ ನಮ್ಮ ಧ್ವಜ ಏರಿತು. ಆಗ ಮಾಸ್ಕೋದಲ್ಲಿ ನಮ್ಮ ರಾಯಭಾರಿಯಾಗಿದ್ದ ಐ.ಕೆ. ಗುಜ್ರಾಲ್ ಅಲ್ಲಿದ್ದರು. ಮುಂದೆ ಪ್ರಧಾನಿಯಾದವರು. ಮೊದಲ ಕ್ಯಾಪ್ಟನ್ ಗುಲಾಬ್ ಮೋಹನ್‌ಲಾಲ್ ಹೀರಾನಂದಾನಿ. ಇದೊಂದು ಚೆಂದದ ಸಂಗತಿ: ವೈಸ್ ಅಡ್ಮಿರಲ್ ಆಗಿ ನಿವೃತ್ತರಾದ ಮೇಲೆ ಇದೇ ಹೀರಾನಂದಾನಿ ನೌಕಾಪಡೆಯ ಇತಿಹಾಸ ಬರೆದರು. ಘಾಜಿಯ ಬಗ್ಗೆ ಬೇರೆ ಬೇರೆಯವರು ಹೇಳಿದ್ದನ್ನು ಒಟ್ಟಿಗೆ ಇಟ್ಟು ತೋರಿಸಿದರು. ಎರಡನೇ ರಾಜಪೂತ್‌ನ ಮೊದಲ ಕ್ಯಾಪ್ಟನ್ ಮೊದಲ ರಾಜಪೂತ್‌ನ ಕಥೆ ಬರೆದ ಹಾಗಾಯಿತು.

ಈ ಹಡಗು ಹಳೆಯದರ ಎರಡು ಪಟ್ಟು ಭಾರ, ಸುಮಾರು 5,000 ಟನ್. ಉದ್ದ 147 ಮೀಟರ್ ಹತ್ತಿರ. ಎಂಜಿನ್ ಕಡೆಯವರಿಗೆ ನಿಜವಾದ ವ್ಯತ್ಯಾಸ ಬೇರೆ. ಬಾಯ್ಲರ್ ಇಲ್ಲ, ನಾಲ್ಕು ಗ್ಯಾಸ್ ಟರ್ಬೈನ್. ತಣ್ಣಗಿದ್ದ ಸ್ಟೀಮ್ ಹಡಗನ್ನು ಹೊರಡಿಸಬೇಕಾದರೆ ಗಂಟೆಗಟ್ಟಲೆ ಕಾಯಿಸಬೇಕು. ಗ್ಯಾಸ್ ಟರ್ಬೈನ್ ಹಡಗು ನಿಮಿಷಗಳಲ್ಲಿ ಸಿದ್ಧ. ಈ ಜಾತಿಯ ಹಡಗುಗಳಿಗೆ ಸೋವಿಯತ್ ನಾವಿಕರು ಹಾಡುವ ಫ್ರಿಗೇಟ್‌ಗಳು ಎಂದು ಅಡ್ಡಹೆಸರಿಟ್ಟಿದ್ದರು, ಟರ್ಬೈನ್‌ಗಳ ಆ ಶಿಳ್ಳೆಯಂಥ ಸ್ವರಕ್ಕೆ. ಸ್ಟೀಮಿನವರು, 'ಇದೇನು ಹಡಗಾ, ವಿಮಾನವಾ' ಎಂದು ತಮಾಷೆ ಮಾಡುತ್ತಿದ್ದರು. ಮಸಿ, ಬೆವರು ಇಲ್ಲದ ಎಂಜಿನ್ ರೂಮ್ ಕಂಡು ಹೊಟ್ಟೆಕಿಚ್ಚೂ ಇತ್ತು ಅನ್ನಿ.

ಆಯುಧಗಳೂ ಬದಲಾಗಿದ್ದವು. ಟಾರ್ಪಿಡೊ, ಫಿರಂಗಿ ಇದ್ದರೂ ಮುಖ್ಯ ಬಲ ಮಿಸೈಲ್‌ಗಳದ್ದು. ಹಡಗು ಹೊಡೆಯಲು ಸ್ಟಿಕ್ಸ್, ವಿಮಾನ ಹೊಡೆಯಲು ವೋಲ್ಗಾ. ಜೊತೆಗೆ ಹಿಂಭಾಗದಲ್ಲಿ ಒಂದು ಹೆಲಿಕಾಪ್ಟರ್. ಇದೇ ವರ್ಗದ ಐದು ಹಡಗುಗಳು ಬಂದವು. ರಾಜಪೂತ್, ರಾಣಾ, ರಣಜೀತ್ ಎಂಬ ಹಳೆಯ ಮೂರು ಹೆಸರುಗಳನ್ನು ಹಾಗೆಯೇ ಇಟ್ಟು, ರಣವೀರ್, ರಣವಿಜಯ್ ಎಂದು ಎರಡು ಸೇರಿಸಿದರು. ಹಾಗಾಗಿ ನಿಮ್ಮ ತಮ್ಮನಿಗೆ ಆದ ಗೊಂದಲ ರಾಣಾ, ರಣಜೀತ್‌ಗಳ ವಿಷಯದಲ್ಲೂ ಆಗುತ್ತದೆ.

ಹೊಸ ರಾಜಪೂತ್ ಪಶ್ಚಿಮ, ಪೂರ್ವ ಎರಡೂ ಕಡೆ ದುಡಿಯಿತು. ಮೊದಲು ಮುಂಬೈ, 1988ರ ನಂತರ ವಿಶಾಖಪಟ್ಟಣ. ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದಾಗ ಆಪರೇಷನ್ ಅಮನ್, ಆಮೇಲೆ ಆ ಕರಾವಳಿಯ ಗಸ್ತಿಗೆ ಆಪರೇಷನ್ ಪವನ್. 1988ರಲ್ಲಿ ಮಾಲ್ಡೀವ್ಸ್‌ನಲ್ಲಿ ದಂಗೆ ಎದ್ದಾಗ ಆಪರೇಷನ್ ಕ್ಯಾಕ್ಟಸ್. ಲಕ್ಷದ್ವೀಪದ ಬಳಿ ಆಪರೇಷನ್ ಕ್ರೋಸ್‌ನೆಸ್ಟ್. ಲಕ್ಷದ್ವೀಪ ನಮಗೆ ಪರಊರಲ್ಲ. ಅದರ ಅಮಿನ್‌ದಿವಿ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರು ಬಂದರಿನಿಂದ ಅಲ್ಲಿಗೆ ಅಕ್ಕಿ, ಸಿಮೆಂಟು, ತರಕಾರಿ ಹೋಗುವುದನ್ನು ದಕ್ಕೆಯಲ್ಲಿ ನೋಡಿದವರು ಬಹಳ ಮಂದಿ.

ಬ್ರಹ್ಮೋಸ್ ಮಿಸೈಲ್ ಬೆಳೆದದ್ದೂ ಈ ಹಡಗಿನ ಮೇಲೆಯೇ. ಹಡಗಿನಿಂದ ಮಾಡಿದ ಮೊದಮೊದಲ ಪರೀಕ್ಷೆಗಳಿಗೆ ರಾಜಪೂತನ್ನೇ ಆರಿಸಿದರು. ಹಳೆಯ ಸ್ಟಿಕ್ಸ್ ಲಾಂಚರ್‌ಗಳ ಜಾಗದಲ್ಲಿ ಬ್ರಹ್ಮೋಸ್ ಕೂರಿಸಿದರು. ಯುದ್ಧದಲ್ಲಿ ಗುಂಡು ಹಾರಿಸಿದ್ದರೆ ಮಾತ್ರ ಹಡಗಿಗೆ ಚರಿತ್ರೆ ಎಂದುಕೊಳ್ಳುವವರು ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಈ ಹಡಗಿನ 41 ವರ್ಷಗಳಲ್ಲಿ ಇದೇ ದೊಡ್ಡದು. ಇಂದು ನಮ್ಮ ಮುಂಚೂಣಿ ಡೆಸ್ಟ್ರಾಯರ್‌ಗಳ ಮುಖ್ಯ ಆಯುಧ ಬ್ರಹ್ಮೋಸೇ. ಸೇನೆಯ ರೆಜಿಮೆಂಟ್ ಒಂದರ ಜೊತೆ ನಂಟು ಬೆಸೆದ ಮೊದಲ ನೌಕೆಯೂ ಇದೇ. ಯಾವ ರೆಜಿಮೆಂಟ್ ಎಂದು ಹೇಳಬೇಕಾಗಿಲ್ಲ. 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ಧ್ವಜ ಇಳಿಸಿದರು. ಕೋವಿಡ್ ಸಮಯ, ದೊಡ್ಡ ಸಮಾರಂಭ ಇರಲಿಲ್ಲ.

ಹೀಗಾಗಿ ಯಾರಾದರೂ 'ಆ ಹಡಗಿನಲ್ಲಿ ಇದ್ದೆ' ಎಂದರೆ ಮೊದಲು ಕೇಳಬೇಕಾದದ್ದು ಯಾವ ಇಸವಿ ಎಂದು. ನಮ್ಮ ರಾಜ್ಯದ ಹೆಸರಿನ ಹಡಗನ್ನೇ ತಗೊಳ್ಳಿ. ಐಎನ್‌ಎಸ್ ಮೈಸೂರು ಕೂಡ ಎರಡು. 1957ರಲ್ಲಿ ಬಂದದ್ದು ಬ್ರಿಟಿಷರ ನೈಜೀರಿಯಾ ಎಂಬ ಕ್ರೂಸರ್, ಅಂದರೆ ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ. 1961ರಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು ಹೋದ ಹಡಗುಗಳಲ್ಲಿ ಅದೂ ಇತ್ತು. 1971ರಲ್ಲಿ ಪಶ್ಚಿಮ ನೌಕಾಪಡೆಯ ಮುಖ್ಯ ಹಡಗು ಅದೇ. ಈಗಿರುವ ಮೈಸೂರು 1999ರಲ್ಲಿ ಸೇರಿದ, ಮುಂಬೈಯಲ್ಲೇ ಕಟ್ಟಿದ ಡೆಸ್ಟ್ರಾಯರ್. ಅದರ ಲಾಂಛನದಲ್ಲಿ ಗಂಡಭೇರುಂಡ ಇದೆ. ನಿಮ್ಮ ನೆರೆಯಲ್ಲಿ 80 ದಾಟಿದ ಯಾರಾದರೂ ಮೈಸೂರಿನಲ್ಲಿದ್ದೆ ಎಂದರೆ ಅದು ಕ್ರೂಸರ್.

ಈಗ ಮಾಡಬೇಕಾದ ಕೆಲಸ. ಅಜ್ಜ ರಾಜಪೂತ್‌ನಲ್ಲಿದ್ದರು ಎಂಬುದನ್ನು ಫೋಟೊ ಹೇಳುತ್ತದೆ. 1971ರ ಡಿಸೆಂಬರ್‌ನಲ್ಲೇ ಇದ್ದರಾ ಎಂಬುದನ್ನು ಅದು ಹೇಳುವುದಿಲ್ಲ. ನಾವಿಕರನ್ನು ಎರಡು-ಮೂರು ವರ್ಷಕ್ಕೊಮ್ಮೆ ಹಡಗಿನಿಂದ ಹಡಗಿಗೆ, ಹಡಗಿನಿಂದ ದಡದ ನೆಲೆಗೆ ಬದಲಿಸುತ್ತಿರುತ್ತಾರೆ. ಮನೆಯ ಪೆಟ್ಟಿಗೆಯಲ್ಲಿ ಅವರ ಸರ್ವಿಸ್ ಸರ್ಟಿಫಿಕೇಟ್ ಅಥವಾ ಡಿಸ್ಚಾರ್ಜ್ ಪುಸ್ತಕ ಇದೆಯಾ ನೋಡಿ. ಅದರಲ್ಲಿ ಯಾವ ಹಡಗು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಸಾಲಾಗಿ ಇರುತ್ತದೆ. ಮೆಡಲ್‌ಗಳಿದ್ದರೆ ಅವನ್ನೂ ತೆಗೆಯಿರಿ. 1971ಕ್ಕೆ ಸಂಗ್ರಾಮ್ ಮೆಡಲ್ ಕೊಟ್ಟಿದ್ದರು. ಅದರ ಜೊತೆ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಮೆಡಲ್‌ನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಸರ್ವಿಸ್ ನಂಬರ್, ಹೆಸರು ಕೊರೆದಿರುತ್ತಾರೆ. ಬ್ರಾಸೋ ಹಾಕಿ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತದೆ. ಪೂರ್ವಿ ಸ್ಟಾರ್ ಇದ್ದರೆ ಮನೆಯವರ ಮಾತಿಗೆ ಬಲ ಬಂತು. ಪಶ್ಚಿಮಿ ಸ್ಟಾರ್ ಇದ್ದರೆ ಅಜ್ಜ ಆ ತಿಂಗಳು ಬೇರೆ ಹಡಗಿನಲ್ಲಿದ್ದರು ಎಂದಾಗುತ್ತದೆ. ಹಾಗಾದರೂ ಅವರು ಯುದ್ಧದಲ್ಲಿದ್ದದ್ದು, ರಾಜಪೂತ್‌ನಲ್ಲಿ ದುಡಿದದ್ದು ಎರಡೂ ನಿಜವೇ.

ಯಾವ ಕಾಗದವೂ ಸಿಗದಿದ್ದರೆ ಅಜ್ಜಿಯ ಪೆನ್ಷನ್ ಪುಸ್ತಕ ನೋಡಿ, ಅದರಲ್ಲಿ ಅವರ ಸರ್ವಿಸ್ ನಂಬರ್ ಇರುತ್ತದೆ. ನಾವಿಕರ ದಾಖಲೆಗಳನ್ನು ಇಟ್ಟುಕೊಳ್ಳುವುದು ಮುಂಬೈ ಮಾನ್‌ಖುರ್ದ್‌ನ ಚೀತಾ ಕ್ಯಾಂಪಿನಲ್ಲಿರುವ ಬ್ಯೂರೋ ಆಫ್ ಸೈಲರ್ಸ್. ನಂಬರ್, ಪೂರ್ತಿ ಹೆಸರು, ನಿವೃತ್ತಿಯ ಇಸವಿ ಬರೆದು, ಅಜ್ಜಿಯ ಸಹಿಯಲ್ಲೇ ಪತ್ರ ಕಳಿಸಿ. ಪತ್ರ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ಸಹಾಯ ಕೇಳಬಹುದು. ಕೇಳುವುದು ಒಂದೇ: ಅಜ್ಜ ಯಾವ ಯಾವ ಹಡಗಿನಲ್ಲಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇದ್ದರು ಎಂಬ ಪಟ್ಟಿ. ಅಷ್ಟರೊಳಗೆ ಆ ಫೋಟೊವನ್ನು ಸ್ಕ್ಯಾನ್ ಮಾಡಿಸಿ. ಕರಾವಳಿಯ ಗಾಳಿಗೆ ಹಳೆಯ ಫೋಟೊ ಹೆಚ್ಚು ಕಾಲ ಬಾಳುವುದಿಲ್ಲ.